ಓದುಗರ ಪ್ರಶ್ನೆ, ನಮ್ಮ ಉತ್ತರ: ಸ್ಪೈಡರ್‌ಮ್ಯಾನ್ ಯಾರ ಕೂಸು?

ಪ್ರಶ್ನೆ: ನಮ್ಮ ಶಾಲೆಯ ರಸಪ್ರಶ್ನೆಯಲ್ಲಿ ‘ಸ್ಪೈಡರ್‌ಮ್ಯಾನ್‌ನ ಸೃಷ್ಟಿಕರ್ತ ಯಾರು?’ ಎಂದು ಕೇಳಿದ್ದೆ. ಒಂದು ತಂಡ ಸ್ಟ್ಯಾನ್ ಲೀ ಎಂದಿತು, ಇನ್ನೊಂದು ತಂಡದ ಹುಡುಗ ಸ್ಟೀವ್ ಡಿಟ್ಕೊ ಎಂದ. ಮೊದಲ ತಂಡಕ್ಕೆ ಮಾತ್ರ ಅಂಕ ಕೊಟ್ಟೆ. ಹುಡುಗ ಇನ್ನೂ ಮುನಿಸಿಕೊಂಡಿದ್ದಾನೆ. ನನ್ನಿಂದ ತಪ್ಪಾಯಿತೇ?
– ಚಿತ್ರಕಲಾ ಶಿಕ್ಷಕಿ, ಗಂಗಾವತಿ

ಉತ್ತರ: ಅವನ ಮುನಿಸು ನ್ಯಾಯವಾದದ್ದು, ಮೇಡಂ. ದಯವಿಟ್ಟು ಅವನಿಗೂ ಅಂಕ ಕೊಡಿ. ಸ್ಪೈಡರ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು 1962ರ ಆಗಸ್ಟ್ ತಿಂಗಳ ‘ಅಮೇಜಿಂಗ್ ಫ್ಯಾಂಟಸಿ’ ಕಾಮಿಕ್ಸಿನ ಹದಿನೈದನೆಯ ಸಂಚಿಕೆಯಲ್ಲಿ. ಆ ಕಾಲದಲ್ಲಿ ಕಾಮಿಕ್ಸ್ ಪ್ರಕಾಶಕರಾದ ಮಾರ್ವೆಲ್ ಸಂಸ್ಥೆಯಲ್ಲಿ ಬರಹಗಾರ ಸ್ಟ್ಯಾನ್ ಲೀ ಕಥೆಯ ಎಳೆಯನ್ನಷ್ಟೇ ಹೇಳುತ್ತಿದ್ದರು; ಡಿಟ್ಕೊ ಅವರಂಥ ಚಿತ್ರಕಾರರು ಅದನ್ನು ಪುಟಪುಟವಾಗಿ ಬಿಡಿಸಿ, ಯಾರು ಎಲ್ಲಿ ನಿಂತರು, ಯಾವ ಗಳಿಗೆಯಲ್ಲಿ ತಿರುಗಿ ನೋಡಿದರು ಎಂಬುದನ್ನೆಲ್ಲ ತಾವೇ ತೀರ್ಮಾನಿಸಿ ಚಿತ್ರ ಬರೆದುಕೊಡುತ್ತಿದ್ದರು; ಆಮೇಲೆ ಲೀ ಅದಕ್ಕೆ ಮಾತು ತುಂಬುತ್ತಿದ್ದರು. ಕಣ್ಣು ಬಾಯಿ ಒಂದೂ ಕಾಣದಂತೆ ಇಡೀ ಮುಖವನ್ನು ಮುಚ್ಚುವ ಆ ಮುಖವಾಡ ಡಿಟ್ಕೊ ಅವರ ಕಲ್ಪನೆ. ಪೀಟರ್‌ನ (ಮುಖವಾಡದ ಹಿಂದಿನ ಹುಡುಗನ ಹೆಸರಿದು) ಚಡಪಡಿಕೆ, ಅವನ ಚುರುಕು ಮಾತು ಲೀ ಅವರದು. ಇಬ್ಬರಲ್ಲಿ ಒಬ್ಬರನ್ನು ತೆಗೆದರೂ ನಾವು ಪ್ರೀತಿಸುವ ಸ್ಪೈಡರ್‌ಮ್ಯಾನ್ ಉಳಿಯುವುದಿಲ್ಲ.

ನೀವು ಚಿತ್ರಕಲೆ ಕಲಿಸುವವರಾದ್ದರಿಂದ ಒಂದು ಸಂಚಿಕೆಯನ್ನು ಮಕ್ಕಳಿಗೆ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಅದು ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಮೂವತ್ಮೂರನೆಯ ಸಂಚಿಕೆ, 1966ರದು. ಅದರ ಕಥಾಹಂದರವೂ ಡಿಟ್ಕೊ ಅವರದೇ. ಬೆಟ್ಟದಂಥ ಯಂತ್ರವೊಂದು ಸ್ಪೈಡರ್‌ಮ್ಯಾನ್‌ನ ಬೆನ್ನ ಮೇಲೆ ಬಿದ್ದಿದೆ. ಮೇಲಿಂದ ನೀರು ಸೋರುತ್ತಿದೆ. ಸಾವಿನ ಅಂಚಿನಲ್ಲಿರುವ ಮೇ ಚಿಕ್ಕಮ್ಮನ ಔಷಧಿ ಎದುರಿಗೇ ಇದೆ, ಆದರೆ ಕೈಗೆ ಸಿಗದು. ಅವನು ಒಂದೊಂದು ಗೇಣು ಮೇಲೇಳುತ್ತಿದ್ದಂತೆ ಚಿತ್ರದ ಚೌಕಗಳು ದೊಡ್ಡದಾಗುತ್ತಾ ಹೋಗಿ, ಯಂತ್ರವನ್ನು ಎತ್ತಿ ನಿಲ್ಲುವ ಹೊತ್ತಿಗೆ ಒಂದೇ ಚಿತ್ರ ಪುಟವನ್ನೆಲ್ಲ ಆವರಿಸಿಕೊಳ್ಳುತ್ತದೆ. ನಲವತ್ತು ವರ್ಷಗಳಿಂದ ಕಾಮಿಕ್ಸ್ ಓದುತ್ತಿರುವ ನನಗೆ ಇವತ್ತಿಗೂ ಆ ಪುಟ ತೆರೆದರೆ ಉಸಿರು ಹಿಡಿದಂತಾಗುತ್ತದೆ.

ನಾಯಕನ ಹೆಸರು ಮೆರೆದು, ಅವನನ್ನು ಹೆತ್ತವರ ಹೆಸರು ಅಳಿಸಿಹೋದ ಕಥೆ ಇನ್ನೂ ಹಳೆಯದು. ಕ್ಲೀವ್‌ಲ್ಯಾಂಡ್ ನಗರದ ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್ ಎಂಬ ಗೆಳೆಯರಿಬ್ಬರು 1938ರಲ್ಲಿ ಸೂಪರ್‌ಮ್ಯಾನ್‌ನ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟರು. ಆ ಪಾತ್ರ ಜಗತ್ತನ್ನೇ ಗೆದ್ದಾಗ ಸೀಗೆಲ್ ಗುಮಾಸ್ತಿಕೆ ಮಾಡುತ್ತಿದ್ದರು, ಶುಸ್ಟರ್ ಅವರ ಕಣ್ಣು ಮಂಜಾಗುತ್ತಿತ್ತು. ಇತರ ಚಿತ್ರಕಾರರು ಅವರ ಪರವಾಗಿ ದನಿ ಎತ್ತಿದ ಮೇಲೆ 1975ರಲ್ಲಿ ಇಬ್ಬರಿಗೂ ವರ್ಷಾಶನ ನಿಗದಿಯಾಯಿತು. 1978ರ ಸೂಪರ್‌ಮ್ಯಾನ್ ಸಿನಿಮಾದ ಟೈಟಲ್ ಕಾರ್ಡಿನಲ್ಲಿ ಅವರ ಹೆಸರು ಬಂದಿತು. ಬ್ಯಾಟ್‌ಮ್ಯಾನ್ ಕಥೆಗಾರ ಬಿಲ್ ಫಿಂಗರ್ ಅವರಿಗೆ ಆ ಭಾಗ್ಯವೂ ಇರಲಿಲ್ಲ. ಚಿತ್ರಕಾರ ಬಾಬ್ ಕೇನ್ ಮೊದಲು ಬರೆದ ಬ್ಯಾಟ್‌ಮ್ಯಾನ್ ಕೆಂಪು ಬಟ್ಟೆ ತೊಟ್ಟು, ಕಣ್ಣಿಗೆ ಸಣ್ಣ ಪಟ್ಟಿ ಕಟ್ಟಿಕೊಂಡು, ಬೆನ್ನಿಗೆ ಬಿರುಸಾದ ರೆಕ್ಕೆ ಹೊತ್ತಿದ್ದ. ಕಿವಿಯುಳ್ಳ ಮುಸುಕು, ಇಳಿಬಿಟ್ಟ ನಿಲುವಂಗಿ, ಕಪ್ಪು ಬೂದು ಬಣ್ಣ, ಮುಸುಕಿನ ಹಿಂದಿನ ಮನುಷ್ಯನಿಗೆ ಬ್ರೂಸ್ ವೇಯ್ನ್ ಎಂಬ ಹೆಸರು, ಇವೆಲ್ಲ ಫಿಂಗರ್ ಕೊಟ್ಟವು. ಅವರು 1974ರಲ್ಲಿ ತೀರಿಕೊಂಡರು. ಅವರ ಹೆಸರನ್ನು ಸೇರಿಸಲು ಪ್ರಕಾಶಕರು ಒಪ್ಪಿದ್ದು 2015ರಲ್ಲಿ. ಆದ್ದರಿಂದ ನಿಮ್ಮ ಮುಂದಿನ ರಸಪ್ರಶ್ನೆಯಲ್ಲಿ ‘ಸೃಷ್ಟಿಕರ್ತರು ಯಾರು?’ ಎಂದು ಬಹುವಚನದಲ್ಲಿ ಕೇಳಿ.

ಪ್ರಶ್ನೆ: ಅಂಜನಾದ್ರಿಯ ಮಗ್ಗುಲಲ್ಲೇ ಬೆಳೆದ ನಮಗೆ ಹನುಮಂತನಿಗಿಂತ ದೊಡ್ಡ ಸೂಪರ್‌ಹೀರೋ ಬೇಕೆ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಹನುಮಂತನನ್ನು ಆ ಸಾಲಿನಲ್ಲಿ ಕೂರಿಸಲು ನನಗೆ ಮನಸ್ಸಿಲ್ಲ. ಅವನು ಪೂಜೆಗೊಳ್ಳುವ ದೇವರು. ಸೂಪರ್‌ಹೀರೋ ಎಂದರೆ ಇಂಥ ವರ್ಷ, ಇಂಥ ಬೆಲೆಯ ಪುಸ್ತಕದಲ್ಲಿ, ಇಂಥವರ ಕೈಯಿಂದ ಹುಟ್ಟಿದ ಪಾತ್ರ. ಆದರೆ ಚಿತ್ರದಲ್ಲಿ ಕಥೆ ಹೇಳುವ ಬಗೆಯಲ್ಲಿ ನಮ್ಮ ಸೀಮೆಗೂ ಕಾಮಿಕ್ಸಿಗೂ ನೆಂಟಸ್ತಿಕೆಯಿದೆ ಎಂದು ನಾನು ನಂಬುತ್ತೇನೆ. ತೊಗಲುಗೊಂಬೆಯಾಟ ನೋಡಿದವರಿಗೆ ಇದು ಗೊತ್ತು: ಬೆಳಕು ತೂರುವಷ್ಟು ತೆಳ್ಳಗೆ ಹದ ಮಾಡಿದ ಚರ್ಮದ ಮೇಲೆ ಕೆಂಪು, ಕಪ್ಪು, ಹಸಿರು ಬಣ್ಣ, ಪರದೆಯ ಮೇಲೆ ಕಿರೀಟದ ಅಂಚು ಕಂಡರೆ ಸಾಕು, ಬಂದವನು ರಾವಣ ಎಂದು ಕೂಸಿಗೂ ತಿಳಿಯುತ್ತದೆ. ಬ್ಯಾಟ್‌ಮ್ಯಾನ್‌ನ ಕಿವಿ ಮಾಡುವ ಕೆಲಸವೂ ಅದೇ. ನಿಮ್ಮದೇ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಪರದೆಯ ಹಿಂದೆ ಕೂತು ಗೊಂಬೆ ಆಡಿಸಿದವರ ಹೆಸರು ಪರದೆಯ ಮುಂದಕ್ಕೆ ಬಂದ ಗಳಿಗೆ ಅದು.

ಪ್ರಶ್ನೆ: ಸಿನಿಮಾಗಳನ್ನೆಲ್ಲ ನೋಡಿದ್ದೇನೆ, ಪುಸ್ತಕ ಒಂದನ್ನೂ ಓದಿಲ್ಲ. ಎಲ್ಲಿಂದ ಆರಂಭಿಸಲಿ?
– ಪದವಿ ವಿದ್ಯಾರ್ಥಿ, ಲಿಂಗಸುಗೂರು

ಉತ್ತರ: ಲೀ–ಡಿಟ್ಕೊ ಜೋಡಿಯ ಸ್ಪೈಡರ್‌ಮ್ಯಾನ್‌ನಿಂದಲೇ. 2017ರ ‘ಸ್ಪೈಡರ್‌ಮ್ಯಾನ್: ಹೋಮ್‌ಕಮಿಂಗ್’ ಸಿನಿಮಾದಲ್ಲಿ ಹುಡುಗ ಕುಸಿದ ಕಟ್ಟಡದಡಿ ಸಿಕ್ಕಿಬಿದ್ದು ಮೇಲೇಳುವ ದೃಶ್ಯವನ್ನು ನೀವು ನೋಡಿರುತ್ತೀರಿ, ಮೇಲೆ ಹೇಳಿದ ಸಂಚಿಕೆಯೇ ಅದರ ಮೂಲ. ಇಂಗ್ಲಿಷು ತೊಡಕೆನಿಸಿದರೆ ಮೊದಲ ಸಲ ಮಾತುಗಳನ್ನು ಬಿಟ್ಟು ಚಿತ್ರಗಳನ್ನಷ್ಟೇ ಓದಿ.

ಪ್ರಶ್ನೆ: ಬಾಲ್ಯದಲ್ಲಿ ಕೊಂಡ ಇಂದ್ರಜಾಲ ಕಾಮಿಕ್ಸ್ ಒಂದು ಟ್ರಂಕಿನಷ್ಟಿವೆ. ಹಾಳೆಗಳು ಹಳದಿಯಾಗಿ ಮುರಿಯುತ್ತಿವೆ. ರದ್ದಿಗೆ ಹಾಕಿ ಎಂದು ಮನೆಯವರು ಹೇಳುತ್ತಾರೆ.
– ನಿವೃತ್ತ ನೌಕರರು, ಬಳ್ಳಾರಿ

ಉತ್ತರ: ಸಾರ್, ಖಂಡಿತ ಹಾಕಬೇಡಿ. 1964ರಲ್ಲಿ ಆರಂಭವಾದ ಆ ಮಾಲೆ 1990ರಲ್ಲಿ ನಿಂತುಹೋಯಿತು; ಹೋದದ್ದು ಮತ್ತೆ ಅಚ್ಚಾಗಿ ಬರುವುದಿಲ್ಲ. ಅಗ್ಗದ ಕಾಗದದಲ್ಲಿ ಮರದ ಅಂಶ ಹೆಚ್ಚಿರುವುದರಿಂದ ಬೆಳಕು ಮತ್ತು ಶಾಖ ತಗುಲಿದಷ್ಟೂ ಅದು ಹಳದಿಯಾಗಿ ಪೆಡಸಾಗುತ್ತದೆ. ನಮ್ಮೂರಿನ ಬೇಸಿಗೆ ನಿಮಗೇ ಗೊತ್ತು. ಟ್ರಂಕನ್ನು ಅಟ್ಟದ ಮೇಲಿಂದ ಇಳಿಸಿ, ಬಿಸಿಲು ತಾಗದ ಒಳಕೋಣೆಯಲ್ಲಿ ನೆಲದಿಂದ ಒಂದು ಗೇಣು ಎತ್ತರದಲ್ಲಿ, ಗೋಡೆಗೆ ತಾಗದಂತೆ ಇಡಿ. ನಾನು ನೆಲದ ಮೇಲೆ ಇಟ್ಟು ಒಂದು ಮಳೆಗಾಲದಲ್ಲಿ ಅರ್ಧ ಸಂಗ್ರಹವನ್ನು ಗೆದ್ದಲಿಗೆ ಕಳೆದುಕೊಂಡವನು. ಆ ನೋವು ಇನ್ನೂ ಆರಿಲ್ಲ. ಹರಿದ ಹಾಳೆಗೆ ಸೆಲ್ಲೋಟೇಪ್ ಅಂಟಿಸಬೇಡಿ, ಅದರ ಅಂಟು ಕಂದಾಗಿ ಚಿತ್ರವನ್ನೇ ತಿನ್ನುತ್ತದೆ. ದಾರದಿಂದ ಬಿಗಿಯಬೇಡಿ, ಅಂಚು ಕತ್ತರಿಸುತ್ತದೆ. ಒಂದೊಂದು ಕಟ್ಟಿಗೂ ಬಿಳಿ ಹಾಳೆ ಸುತ್ತಿ, ಮೇಲೆ ಪೆನ್ಸಿಲಿನಲ್ಲಿ ಸಂಚಿಕೆಯ ಸಂಖ್ಯೆ ಬರೆಯಿರಿ. ಫ್ಯಾಂಟಮ್ ಕಥೆಗಳ ಕಟ್ಟಾದರೆ ಸಂಖ್ಯೆಯ ಕೆಳಗೆ ಆ ನಾಯಕನನ್ನು ಸೃಷ್ಟಿಸಿದ ಲೀ ಫಾಕ್ ಅವರ ಹೆಸರು ಬರೆದು, ಪಕ್ಕದಲ್ಲಿ ಆ ಕಥೆಗೆ ಚಿತ್ರ ಬರೆದವರ ಹೆಸರನ್ನೂ ಸೇರಿಸಿ.