ನಿದ್ದೆಯಲ್ಲಿ ಒದೆಯುತ್ತೇನಂತೆ, ಹೆಂಡತಿಯ ದೂರು. ನನ್ನ ಸ್ಮಾರ್ಟ್ ವಾಚಿನಲ್ಲಿ ರೆಮ್ (ಕನಸು ಜಾಸ್ತಿ ಬೀಳುವ ನಿದ್ದೆ) ಚೆನ್ನಾಗಿದೆ ಅಂತ ಬರುತ್ತೆ. ವಾಚ್ ಇರುವಾಗ ಗದ್ದಕ್ಕೆ ವೈರ್ ಅಂಟಿಸುವ ಟೆಸ್ಟ್ ಬೇಕಾ?

ವಾಚನ್ನು ಬಿಡಿ, ನಿಮ್ಮ ಹೆಂಡತಿ ಹೇಳೋದನ್ನು ನಂಬಿ. ನನ್ನದೂ ಇದೇ ಕಥೆ. ಕನಸಿನಲ್ಲಿ ನಾಯಿ ಅಟ್ಟಿಸಿಕೊಂಡು ಬರುತ್ತಿತ್ತು. ನಾನು ಒದ್ದದ್ದು ನಾಯಿಗೆ, ಬಿದ್ದದ್ದು ನನ್ನ ಹೆಂಡತಿಯ ಮೊಣಕಾಲಿಗೆ.

ಅವಳ ಕಾಟ ತಡೆಯದೆ, ರಾತ್ರಿಯಿಡೀ ಮಲಗಿಸಿ ನಿದ್ದೆ ಪರೀಕ್ಷಿಸುವ ಸ್ಲೀಪ್ ಲ್ಯಾಬಿಗೆ ಹೋದೆ. ಹೋದವನು ಗಡ್ಡ ಬೋಳಿಸದೆ ಹೋದೆ. ಟೆಕ್ನೀಷಿಯನ್ ಎರಡು ಸಲ ಕೇಳಿದರು, 'ಗದ್ದದ ಹತ್ತಿರ ಸ್ವಲ್ಪ ತೆಗೆಯಬಹುದಾ?' ಆರು ವರ್ಷ ಸಾಕಿದ ಗಡ್ಡ ಸ್ವಾಮಿ, ಆಗಲ್ಲ ಅಂದೆ. ಅವರು ಕೂದಲು ಆಚೀಚೆ ಸರಿಸಿ, ಚರ್ಮ ಸಿಕ್ಕಲ್ಲಿ ಉಜ್ಜಿ, ಗದ್ದದ ಮಧ್ಯೆ ಒಂದು, ದವಡೆಯ ಕೆಳಗೆ ಎರಡು ಎಲೆಕ್ಟ್ರೋಡ್ ಅಂಟಿಸಿದರು. ಕಾಲಿಗೆ, ಮುಂಗೈಗೆ ಬೇರೆ.

ಗದ್ದವೇ ಯಾಕೆ ಅಂದರೆ, ಕನಸು ಜಾಸ್ತಿ ಬೀಳುವ ರೆಮ್ ನಿದ್ದೆಯಲ್ಲಿ ಮೆದುಳಿನ ಬುಡವೇ ಮೈಯ ಸ್ನಾಯುಗಳನ್ನು ಸಡಿಲ ಬಿಡಿಸುತ್ತದೆ. ಉಸಿರಾಟ ಮತ್ತು ಕಣ್ಣಿನ ಚಲನೆ ಮಾತ್ರ ನಡೆಯುತ್ತಿರುತ್ತದೆ. ಆಗ ಪರದೆಯ ಮೇಲೆ ಗದ್ದದ ಗೆರೆ ಹೆಚ್ಚು ಕಡಿಮೆ ಚಪ್ಪಟೆಯಾಗಬೇಕು. ನಮ್ಮಂಥವರಲ್ಲಿ ಆಗೋದಿಲ್ಲ. ರಾತ್ರಿಯನ್ನು 30 ಸೆಕೆಂಡಿನ ತುಂಡುಗಳಾಗಿ ಮಾಡಿ, ರೆಮ್ ತುಂಡಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಗದ್ದ ಬಿಗಿಯಾಗಿದೆಯಾ ನೋಡುತ್ತಾರೆ. ಚಿಕ್ಕ ಚಿಕ್ಕ ಸೆಳೆತಗಳನ್ನು 3 ಸೆಕೆಂಡಿನ ಲೆಕ್ಕದಲ್ಲಿ ಎಣಿಸುತ್ತಾರೆ.

ಈಗ ನನ್ನ ಗಡ್ಡಕ್ಕೆ ಬನ್ನಿ. ರೆಮ್ ನಿದ್ದೆ ಜಾಸ್ತಿ ಇರೋದು ಬೆಳಗಿನ ಜಾವದಲ್ಲಿ. ನನ್ನ ಟೇಪ್ ಬೆವರಿಗೆ ಬಿಟ್ಟುಕೊಂಡದ್ದು ಮೂರು ಗಂಟೆಗೆ. ಅವರು ಬಂದು ಮತ್ತೆ ಅಂಟಿಸಿದರು, ಕೂದಲ ಮೇಲೆ ಎಲ್ಲಿ ನಿಲ್ಲುತ್ತೆ? ಸಡಿಲವಾದ ಎಲೆಕ್ಟ್ರೋಡಿನ ಗಜಿಬಿಜಿಯೂ ಬಿಗಿಯಾದ ಸ್ನಾಯುವಿನ ಗೆರೆಯೂ ನೋಡೋಕೆ ಒಂದೇ ಥರ. ಬೇಕಾದ ಹೊತ್ತಿನ ಗೆರೆಯೇ ಮಗು ಗೀಚಿದ ಹಾಗಾಯ್ತು. ರಿಪೋರ್ಟಿನಲ್ಲಿ ಮೊದಲ ಸಾಲು, ಉಸಿರು ಕಟ್ಟುವ ತೊಂದರೆ ಇಲ್ಲ. ಕೆಳಗೆಲ್ಲೋ, ರೆಮ್‌ನಲ್ಲಿ ಸ್ನಾಯುಗಳ ಬಗ್ಗೆ ಹೇಳಲಾಗದು, ಟೆಸ್ಟ್ ಮತ್ತೆ ಮಾಡಿ. ನಾನು ಮೊದಲ ಸಾಲು ಓದಿ, ನನಗೇನೂ ಇಲ್ಲ ಅಂತ ಮನೆಯಲ್ಲಿ ಬೀಗಿದೆ.

ಎಂಟು ತಿಂಗಳಾದ ಮೇಲೆ ಒಂದು ರಾತ್ರಿ ಯಾರಿಗೋ ಗುದ್ದಿದೆ. ಮಂಚದ ಪಕ್ಕದ ಮೇಜಿನ ಅಂಚು. ಕಿರುಬೆರಳಿನ ಮೂಳೆ ಮುರಿಯಿತು. ಒಂದು ಗೇಣು ಈಚೆ ಅವಳ ಮುಖವಿತ್ತು. ಎರಡನೇ ಸಲ ನುಣ್ಣಗೆ ಬೋಳಿಸಿಕೊಂಡು ಹೋದೆ, ಒಂದೇ ರಾತ್ರಿಗೆ ಗೊತ್ತಾಯಿತು: ರೆಮ್ ಸ್ಲೀಪ್ ಬಿಹೇವಿಯರ್ ಡಿಸಾರ್ಡರ್, ಅಂದರೆ ರೆಮ್‌ನಲ್ಲಿ ಸ್ನಾಯು ಸಡಿಲವಾಗದೆ ಕನಸಿನಲ್ಲಿ ಮಾಡಿದ್ದನ್ನು ಮೈಯೂ ಮಾಡುವ ಕಾಯಿಲೆ. ಮನುಷ್ಯರಲ್ಲಿ ಇದನ್ನು ಶೆಂಕ್, ಮಹೋವಾಲ್ಡ್ ಅನ್ನೋ ವೈದ್ಯರು ಮತ್ತು ಅವರ ಜೊತೆಯವರು ಅಮೆರಿಕದಲ್ಲಿ ವಿವರಿಸಿದ್ದು 1986ರಲ್ಲಿ.

'ವಾಚಿನಲ್ಲಿ ರೆಮ್ ಚೆನ್ನಾಗಿದೆ' ಅಂದಿದ್ದೀರಿ. ಅದು ನಾಡಿಬಡಿತ, ಕೈ ಅಲುಗಾಟ ನೋಡಿ ಊಹಿಸುತ್ತೆ ಅಷ್ಟೇ. ನೀವು ಕೈ ಬೀಸಿದರೆ ಎಚ್ಚರವಾಗಿದ್ದೀರಿ ಅಂತ ಬರೆದುಕೊಂಡರೂ ಬರೆದುಕೊಂಡೀತು. ಗದ್ದದ ಸ್ನಾಯು ಅದಕ್ಕೆ ಕಾಣೋದೇ ಇಲ್ಲ. ಮನೆಯಲ್ಲೇ ಮಾಡುವ ಉಸಿರಿನ ಟೆಸ್ಟಿನಲ್ಲೂ ಸಾಮಾನ್ಯವಾಗಿ ಗದ್ದದ ವೈರ್ ಇರೋದಿಲ್ಲ. ಆದ್ದರಿಂದ 'ವಾಚಾ, ಲ್ಯಾಬಾ' ಅನ್ನೋ ಪ್ರಶ್ನೆಯೇ ತಪ್ಪು. ವಿಡಿಯೊ ಇರುವ ಲ್ಯಾಬಿಗೇ ಹೋಗಿ.

ಖಿನ್ನತೆಯ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಅವುಗಳಲ್ಲಿ ಕೆಲವು ರೆಮ್‌ನಲ್ಲಿ ಸ್ನಾಯು ಸಡಿಲವಾಗದ ಹಾಗೆ ಮಾಡುತ್ತವೆ. ಹಾಗಂತ ನೀವೇ ನಿಲ್ಲಿಸಲೂಬೇಡಿ. ನಿದ್ದೆಯಲ್ಲಿ ತೀರಾ ಉಸಿರು ಕಟ್ಟುವವರೂ ಥೇಟ್ ನಮ್ಮ ಹಾಗೇ ಒದ್ದಾಡುವುದುಂಟು, ಅವರಿಗೆ ಚಿಕಿತ್ಸೆಯೇ ಬೇರೆ.

ಪಾರ್ಕಿನ್ಸನ್ಸ್ (ಕೈ ನಡುಗಿ, ನಡಿಗೆ ನಿಧಾನವಾಗುವ ನರರೋಗ) ಭಯ ನಿಮಗೂ ಇರಬಹುದು. ಬೇರೆ ಕಾರಣ ಸಿಗದ, ವಯಸ್ಸಾದ ಹಲವರಲ್ಲಿ ವರ್ಷಗಳ ನಂತರ ಅದು ಬರುವುದು ನಿಜ. ನನ್ನನ್ನೂ ವರ್ಷಕ್ಕೊಮ್ಮೆ ನರರೋಗ ತಜ್ಞರು ನಡೆಸಿ ನೋಡುತ್ತಾರೆ. ಟೆಸ್ಟ್ ತಪ್ಪಿಸಿಕೊಂಡರೆ ಅದೇನು ಬರದೇ ಇರುತ್ತಾ?

ಇವತ್ತೇ ಮಂಚದ ಪಕ್ಕದ ಮೇಜು, ಗಾಜಿನ ಲೋಟ ತೆಗೆಯಿರಿ. ಸದ್ಯಕ್ಕೆ ಬೇರೆ ಹಾಸಿಗೆಯಲ್ಲಿ ಮಲಗಿ. ಟೆಸ್ಟಿನ ದಿನ ಗಡ್ಡ ಬೋಳಿಸಿ, ಮುಖಕ್ಕೆ ಕ್ರೀಮು, ಎಣ್ಣೆ ಏನೂ ಹಚ್ಚದೆ ಹೋಗಿ.