ಹತ್ತೊಂಬತ್ತರ ಹುಡುಗ ಯಾವ ವಾರ್ಡಿಗೆ?

ಓದುಗರ ಪತ್ರ: "ನನ್ನ ತಂಗಿಯ ಮಗನಿಗೆ 19 ವರ್ಷ. ವಿಜಯಪುರದ ಹಾಸ್ಟೆಲ್‌ನಲ್ಲಿದ್ದು ಬಿಸಿಎ ಓದುತ್ತಿದ್ದ. ಹದಿನೈದು ದಿನ ಜ್ವರ ಬಿಡಲಿಲ್ಲ, ವಸಡಿನಲ್ಲಿ ರಕ್ತ ಬಂತು. ಪರೀಕ್ಷೆಯಲ್ಲಿ ಎ.ಎಲ್.ಎಲ್. ಎಂಬ ರಕ್ತದ ಕ್ಯಾನ್ಸರ್ ಎಂದಾಯಿತು. ಒಬ್ಬ ಡಾಕ್ಟರು ಮಕ್ಕಳ ಪ್ರೋಟೋಕಾಲ್ (ಚಿಕಿತ್ಸೆಯ ಕ್ರಮ) ಅನ್ನುತ್ತಾರೆ, ಇನ್ನೊಬ್ಬರು ದೊಡ್ಡವರದು. ಮೀಸೆ ಬಂದ ಹುಡುಗನಿಗೆ ಮಕ್ಕಳ ಔಷಧ ಸಾಕಾದೀತೇ? ಎಲ್ಲದಕ್ಕೂ ಬೆಂಗಳೂರಿಗೇ ಹೋಗಬೇಕೇ? ಅವನಿಗೆ ಇನ್ನೂ ರೋಗದ ಹೆಸರು ಹೇಳಿಲ್ಲ." (ಜಮಖಂಡಿ ತಾಲ್ಲೂಕಿನ ಓದುಗರು. ಹೆಸರು ಬೇಡವೆಂದಿದ್ದಾರೆ.)

ಸಂಪಾದಕರ ಉತ್ತರ:

ಮಕ್ಕಳ ಔಷಧ ಎಂದಾಕ್ಷಣ ಡೋಸು ಕಡಿಮೆ ಅಂದುಕೊಳ್ಳಬೇಡಿ. ಈ ರೋಗದಲ್ಲಿ ಲೆಕ್ಕ ತಿರುವುಮುರುವು. ವಿನ್‌ಕ್ರಿಸ್ಟಿನ್, ಸ್ಟೆರಾಯ್ಡ್, ಆಸ್ಪರಾಜಿನೇಸ್ ಈ ಮೂರೂ ಔಷಧ ಮಕ್ಕಳ ಪ್ರೋಟೋಕಾಲಿನಲ್ಲೇ ಹೆಚ್ಚು. ಬೆನ್ನುಹುರಿಯ ನೀರಿಗೆ ಕೊಡುವ ಮೆಥೊಟ್ರೆಕ್ಸೇಟ್ ಕೂಡ ಅಲ್ಲಿ ಬೇಗ ಶುರುವಾಗಿ ಬಹಳ ದಿನ ನಡೆಯುತ್ತದೆ.

ಅಮೆರಿಕದಲ್ಲಿ 1988ರಿಂದ 2001ರವರೆಗೆ ಚಿಕಿತ್ಸೆ ಪಡೆದ 16ರಿಂದ 20 ವಯಸ್ಸಿನ 321 ಮಂದಿಯ ದಾಖಲೆಗಳನ್ನು ಹೋಲಿಸಿ 2008ರಲ್ಲಿ ಪ್ರಕಟಿಸಿದರು. ರೋಗ ಒಂದೇ, ವಯಸ್ಸು ಒಂದೇ. ಕೆಲವರು ಮಕ್ಕಳ ವೈದ್ಯರ ಕೈಗೆ ಬಿದ್ದಿದ್ದರು, ಕೆಲವರು ದೊಡ್ಡವರ ವೈದ್ಯರ ಕೈಗೆ. ಮೊದಲ ಹಂತದಲ್ಲಿ ಎರಡೂ ಕಡೆ ನೂರಕ್ಕೆ 90 ಮಂದಿಯ ರೋಗ ಹತೋಟಿಗೆ ಬಂತು. ಏಳು ವರ್ಷದ ಮೇಲೆ ನೋಡಿದರೆ ಮಕ್ಕಳ ಪ್ರೋಟೋಕಾಲಿನವರಲ್ಲಿ ಬದುಕುಳಿದವರು ನೂರಕ್ಕೆ 67, ದೊಡ್ಡವರದರಲ್ಲಿ 46. ಮುಂದೆ ದೊಡ್ಡವರ ವೈದ್ಯರೇ 40ರ ಒಳಗಿನವರಿಗೆ ಮಕ್ಕಳ ಕ್ರಮವನ್ನು ಕೊಟ್ಟು ನೋಡಿದರು. 2019ರಲ್ಲಿ ಬಂದ ಆ ವರದಿಯಲ್ಲಿ ಮೂರು ವರ್ಷದ ಬದುಕು ನೂರಕ್ಕೆ 73. ಹಾಗಾಗಿ ವಾರ್ಡು ಯಾವುದಾದರೂ ಆಗಲಿ, ಪ್ರೋಟೋಕಾಲಿನ ಹೆಸರು ಕೇಳಿ. ಬಿಎಫ್‌ಎಂ ಎಂದರೆ ಮಕ್ಕಳ ಮಾದರಿ, ಹೈಪರ್ ಸಿ-ವ್ಯಾಡ್ ಎಂದರೆ ದೊಡ್ಡವರದು. ಎರಡನೆಯದನ್ನೇ ಆರಿಸಿದ್ದರೆ ಕಾರಣ ಕೇಳುವ ಹಕ್ಕು ನಿಮಗಿದೆ. ಕೆಲವೊಮ್ಮೆ ಸರಿಯಾದ ಕಾರಣವೇ ಇರುತ್ತದೆ. ಫಿಲಡೆಲ್ಫಿಯಾ ಕ್ರೋಮೋಸೋಮ್ (ಕ್ಯಾನ್ಸರ್ ಕೋಶದ ವರ್ಣತಂತುವಿನಲ್ಲಿ ಆಗುವ ಒಂದು ಬದಲಾವಣೆ) ಪರೀಕ್ಷೆಯನ್ನು ಮೊದಲ ವಾರದಲ್ಲೇ ಮಾಡಿಸಬೇಕು. ಅದು ಪಾಸಿಟಿವ್ ಬಂದರೆ ಇಮ್ಯಾಟಿನಿಬ್ ಥರದ ಮಾತ್ರೆಯೂ ಸೇರಿ ಚಿಕಿತ್ಸೆಯೇ ಬದಲಾಗುತ್ತದೆ.

ಮೊದಲ ನಾಲ್ಕೈದು ವಾರಗಳ ಹಂತ ಮುಗಿದ ಮೇಲೆ "ಬೋನ್ ಮ್ಯಾರೋ ಕ್ಲೀನ್ ಆಗಿದೆ" ಎಂದರೆ ಅಷ್ಟಕ್ಕೇ ಸಮಾಧಾನಪಡಬೇಡಿ. ಸೂಕ್ಷ್ಮದರ್ಶಕದಲ್ಲಿ ಕೆಟ್ಟ ಜೀವಕೋಶ ನೂರಕ್ಕೆ ಐದರ ಒಳಗಿದ್ದರೆ ಕ್ಲೀನ್ ಎನ್ನುತ್ತಾರೆ. ಎಂಆರ್‌ಡಿ ಪರೀಕ್ಷೆ ಹತ್ತು ಸಾವಿರದಲ್ಲಿ ಒಂದು ಕೆಟ್ಟ ಜೀವಕೋಶ ಉಳಿದಿದ್ದರೂ ಹಿಡಿಯುತ್ತದೆ. ಅಸ್ಥಿಮಜ್ಜೆ ಕಸಿ ಬೇಕೋ ಬೇಡವೋ ಎಂಬ ತೀರ್ಮಾನ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ. ಎಲ್ಲರಿಗೂ ಕಸಿ ಬೇಕಾಗುವುದಿಲ್ಲ.

ಮಕ್ಕಳ ಕ್ರಮ ದೊಡ್ಡ ಮೈಗೆ ಸುಲಭವಲ್ಲ, ಅದನ್ನೂ ಹೇಳಬೇಕು. ಆಸ್ಪರಾಜಿನೇಸ್‌ನಿಂದ ಮೇದೋಜೀರಕ ಗ್ರಂಥಿಯ ಉರಿಯೂತ, ರಕ್ತ ಹೆಪ್ಪುಗಟ್ಟುವುದು, ಯಕೃತ್ತಿನ ತೊಂದರೆ ಇವೆಲ್ಲ ಹತ್ತು ವರ್ಷದೊಳಗಿನವರಿಗಿಂತ ಈ ವಯಸ್ಸಿನವರಲ್ಲಿ ಜಾಸ್ತಿ, ಬೊಜ್ಜಿದ್ದರೆ ಇನ್ನೂ ಜಾಸ್ತಿ. ಹೊಟ್ಟೆನೋವು ಬೆನ್ನಿಗೆ ಹಾಯ್ದರೆ ಗ್ಯಾಸ್ ಎಂದು ಮನೆಯಲ್ಲಿ ಕೂರಬೇಡಿ. ಸ್ಟೆರಾಯ್ಡ್‌ನಿಂದ ಸೊಂಟದ ಕೀಲಿನ ಎಲುಬು ಸಾಯುವುದೂ ಹರೆಯದಲ್ಲೇ ಹೆಚ್ಚು. ತೊಡೆಸಂದಿಯಲ್ಲಿ ನೋವೆಂದರೆ ಎಂಆರ್‌ಐ ಮಾಡಿಸಿ. ಎಕ್ಸ್‌ರೇಯಲ್ಲಿ ಮೊದಮೊದಲು ಏನೂ ಕಾಣುವುದಿಲ್ಲ. ಇನ್ನೊಂದು, ಹಾಸ್ಟೆಲ್ ಹುಡುಗರಿಗೆ ಗಜಕರ್ಣ ಸಾಮಾನ್ಯ, ಅದಕ್ಕೆ ಇಟ್ರಾಕೊನಝೋಲ್ ಗುಳಿಗೆಯೂ ಸಾಮಾನ್ಯ. ವಿನ್‌ಕ್ರಿಸ್ಟಿನ್ ಜೊತೆ ಅದು ಸೇರಿದರೆ ಪಾದ ಜೋತುಬೀಳುತ್ತದೆ, ಕರುಳು ಕಟ್ಟುತ್ತದೆ. ಅವನ ಟ್ರಂಕು ಒಮ್ಮೆ ತೆಗೆದು ನೋಡಿ.

ಎಲ್ಲಿ ಎಂಬ ಪ್ರಶ್ನೆಗೆ ಬರೋಣ. ಬೆಂಗಳೂರಿನ ಕಿದ್ವಾಯಿ, ಮುಂಬಯಿಯ ಟಾಟಾ ಗೊತ್ತೇ ಇವೆ. ಬೆಳಗಾವಿಯಲ್ಲಿ ಕೆಎಲ್‌ಇಯವರ ಕ್ಯಾನ್ಸರ್ ಆಸ್ಪತ್ರೆ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಹೆಸರಿಗಿಂತ ಮುಖ್ಯವಾದ ಪ್ರಶ್ನೆಗಳು ಬೇರೆ ಇವೆ. ರಾತ್ರಿ ಎರಡಕ್ಕೆ ಪ್ಲೇಟ್‌ಲೆಟ್ ಸಿಗುತ್ತದೆಯೇ? ಜ್ವರ ಬಂದು ಆಸ್ಪತ್ರೆಗೆ ಹೋದರೆ ಒಂದು ತಾಸಿನೊಳಗೆ ಆಂಟಿಬಯಾಟಿಕ್ ನರಕ್ಕೆ ಏರುತ್ತದೆಯೇ? ಐಸಿಯು ಅದೇ ಕಟ್ಟಡದಲ್ಲಿದೆಯೇ? ವಿನ್‌ಕ್ರಿಸ್ಟಿನ್ ಸಿರಿಂಜಿನಲ್ಲಿ ಬರುತ್ತದೆಯೋ ಸಲೈನ್ ಚೀಲದಲ್ಲೋ? ಅದು ತಪ್ಪಿ ಬೆನ್ನಿಗೆ ಹೋದರೆ ಜೀವ ಉಳಿಯುವುದು ಕಷ್ಟ, ಚೀಲದಲ್ಲಿದ್ದರೆ ಆ ತಪ್ಪಿಗೇ ಜಾಗವಿಲ್ಲ. ಇವಕ್ಕೆಲ್ಲ ಸರಿಯಾದ ಉತ್ತರ ಕೊಡುವ ಆಸ್ಪತ್ರೆಯ ಹತ್ತಿರ ಮೊದಲ ಆರೆಂಟು ತಿಂಗಳು ಕೋಣೆ ಹಿಡಿದಾದರೂ ಇರಿ. ಜಮಖಂಡಿಯಿಂದ ಪ್ರತಿ ಸಲ ಬಸ್ಸು ಹತ್ತಿ ಹೋಗುವ ಹಂತವಲ್ಲ ಅದು.

ಆಮೇಲಿನ ಮೇಂಟೆನೆನ್ಸ್ (ರೋಗ ಮರಳದಂತೆ ಗುಳಿಗೆ ನುಂಗುವ ಹಂತ) ಒಂದೂವರೆ ವರ್ಷಕ್ಕೂ ಮೇಲೆ ನಡೆಯುತ್ತದೆ. ಅದನ್ನು ಊರಲ್ಲೇ ಇದ್ದು ಮಾಡಬಹುದು: ರಕ್ತಪರೀಕ್ಷೆ ಹತ್ತಿರದ ಲ್ಯಾಬಿನಲ್ಲಿ, ರಿಪೋರ್ಟು ದೊಡ್ಡ ಆಸ್ಪತ್ರೆಗೆ. ಈ ವಯಸ್ಸಿನವರಲ್ಲಿ ಕೆಲಸ ಕೆಡುವುದು ಬಹಳ ಸಲ ಇಲ್ಲೇ. ಹುಡುಗ ಮೈಕೈ ತುಂಬಿಕೊಂಡಿರುತ್ತಾನೆ, ಗೆಳೆಯರು ಬರುತ್ತಾರೆ, ಮಾತ್ರೆ ತಪ್ಪುತ್ತದೆ. ಮರ್ಕ್ಯಾಪ್ಟೊಪ್ಯೂರಿನ್ ನೂರು ಡೋಸಿನಲ್ಲಿ 95ಕ್ಕಿಂತ ಕಡಿಮೆ ನುಂಗಿದವರಲ್ಲಿ ರೋಗ ಮರುಕಳಿಸುವುದು ಹೆಚ್ಚೆಂದು ಅಧ್ಯಯನಗಳಲ್ಲಿ ಕಂಡಿದೆ. ತಿಂಗಳಿಗೆ ಎರಡು ಮರೆತರೂ ಆ ಗೆರೆ ದಾಟಿದಂತೆಯೇ. ಆ ಗುಳಿಗೆ ದಿನಾ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಮೈಯಳತೆ 1.6 ಚದರ ಮೀಟರ್ ಇದ್ದರೆ, ಚದರ ಮೀಟರಿಗೆ 20 ಮಿ.ಗ್ರಾಂ. ಲೆಕ್ಕದಲ್ಲಿ, 2.5ರ ಗುಳಿಗೆ ಒಮ್ಮೆಗೇ ಹದಿಮೂರು ಆಗುತ್ತವೆ. ಔಷಧಿ ಅಂಗಡಿಯವರು ನೋಡಿ ಬೆಚ್ಚುವ ಸಂಖ್ಯೆ. ಅದನ್ನು ದಿನಾ ನುಂಗಿಸಿದರೆ ಬಾಯಿಯೆಲ್ಲ ಹುಣ್ಣಾಗಿ, ರಕ್ತಕಣ ಕುಸಿದು ಪ್ರಾಣಕ್ಕೇ ಬರುತ್ತದೆ. ಚೀಟಿಯ ಮೇಲೆ "ಸೋಮವಾರ ಮಾತ್ರ" ಎಂದು ಕನ್ನಡದಲ್ಲಿ ಬರೆಸಿಕೊಳ್ಳಿ. ಹುಡುಗನ ಡೋಸು ಎಷ್ಟೆಂಬುದನ್ನು ಅವನ ಡಾಕ್ಟರೇ ಹೇಳಬೇಕು, ಈ ಪುಟವಲ್ಲ.

ಜ್ವರ 100.4 ಮುಟ್ಟಿದರೆ ಊರಿನ ಡಾಕ್ಟರ ಹತ್ತಿರ ಒಂದು ಸೂಜಿ ಮಾಡಿಸಿ ನೋಡೋಣ ಎನ್ನಬೇಡಿ. ಪ್ಲೇಟ್‌ಲೆಟ್ ಕಡಿಮೆಯಿದ್ದಾಗ ಸ್ನಾಯುವಿಗೆ ಸೂಜಿ ಹಾಕಿದರೆ ಒಳಗೇ ರಕ್ತ ತುಂಬುತ್ತದೆ. ಪ್ಯಾರಾಸಿಟಮಾಲ್ ಜ್ವರವನ್ನು ಮುಚ್ಚಿಡುತ್ತದೆ, ಸೋಂಕನ್ನು ವಾಸಿಮಾಡುವುದಿಲ್ಲ. ಥರ್ಮಾಮೀಟರ್ ಮನೆಯಲ್ಲಿರಲಿ, ಗಾಡಿ ಯಾರದೆಂಬುದು ಮೊದಲೇ ಗೊತ್ತಿರಲಿ.

ರೋಗದ ಹೆಸರು ಮುಚ್ಚಿಟ್ಟದ್ದು ನಮಗೆ ಒಪ್ಪಿಗೆಯಿಲ್ಲ. 18 ದಾಟಿದವನ ಒಪ್ಪಿಗೆ ಪತ್ರಕ್ಕೆ ಸಹಿ ಅವನದೇ ಆಗಬೇಕು. ಯಾತಕ್ಕೆಂದು ಗೊತ್ತಿಲ್ಲದವನು ಎರಡು ವರ್ಷ ಗುಳಿಗೆ ನುಂಗುತ್ತಾನೆಯೇ? ಮೊಬೈಲಿನಲ್ಲಿ ಔಷಧದ ಹೆಸರು ಹುಡುಕಿ ಅವನಿಗೆ ಈಗಾಗಲೇ ಗೊತ್ತಾಗಿರಲೂಬಹುದು. ತಾಯಿ ಹೇಳಲಾರರು. ನೀವು ಸೋದರಮಾವ, ನೀವು ಕೂರಿಸಿಕೊಂಡು ಹೇಳಿ. ಅದೇ ಮಾತಿನಲ್ಲಿ ಇನ್ನೊಂದನ್ನೂ ಎತ್ತಿ: ವೀರ್ಯ ಕಾಪಿಡುವ ವಿಚಾರ. ಕೀಮೋ ಶುರುವಾಗುವ ಮುಂಚೆ ಒಂದೇ ಮಾದರಿ ಕೊಟ್ಟರೂ ಆದೀತು. ಮುಂದೆ ಕಸಿ ಮಾಡಬೇಕಾಗಿ ಬಂದರೆ ಮಕ್ಕಳಾಗುವ ಸಾಧ್ಯತೆ ತೀರಾ ತಗ್ಗುತ್ತದೆ. ಡಾಕ್ಟರು ಅವಸರದಲ್ಲಿ ಮರೆಯುತ್ತಾರೆ, ಮನೆಯವರು ನಾಚುತ್ತಾರೆ, ಹುಡುಗ ಬಾಯಿ ಬಿಡುವುದಿಲ್ಲ. ಇದಕ್ಕಾಗಿ ಚಿಕಿತ್ಸೆಯನ್ನು ಮುಂದೂಡುವುದು ಮಾತ್ರ ಬೇಡ.

ಖರ್ಚಿನ ಮಾತು. ಬಿಪಿಎಲ್ ಕಾರ್ಡಿನಲ್ಲಿ ಹುಡುಗನ ಹೆಸರಿದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಹೆಸರಿಲ್ಲದಿದ್ದರೆ ಇವತ್ತೇ ಆ ಕೆಲಸ ಹಿಡಿಯಿರಿ. ರೈಲಿನಲ್ಲಿ ಸ್ಲೀಪರ್ ಮತ್ತು ಥರ್ಡ್ ಎಸಿಗೆ ಕ್ಯಾನ್ಸರ್ ರೋಗಿಗೆ ಟಿಕೆಟ್ ಪೂರ್ತಿ ಮಾಫಿ, ಜೊತೆಗಾರನಿಗೆ ನೂರಕ್ಕೆ 75 ರಿಯಾಯಿತಿ. ಅದಕ್ಕೆ ಆಸ್ಪತ್ರೆಯವರು ನಿಗದಿತ ನಮೂನೆಯಲ್ಲಿ ಬರೆದುಕೊಟ್ಟ ಪತ್ರ ಬೇಕು. ಬಿಡುಗಡೆಯ ದಿನದ ಗದ್ದಲದಲ್ಲಿ ಅದು ಸಿಗುವುದಿಲ್ಲ, ಎರಡು ದಿನ ಮೊದಲೇ ಕೇಳಿಟ್ಟಿರಿ.