ಶಾಲೆಯ ವಾರ್ಷಿಕ ಸಂಚಿಕೆಯ ತಂಡದಲ್ಲಿ ಕೆಲಸ ಮಾಡಿದರೆ ಮಕ್ಕಳು ಏನು ಕಲಿಯುತ್ತಾರೆ?

ಮುಖ್ಯವಾಗಿ ಕರಡು ತಿದ್ದುವುದು. ಮಂಗಳೂರು, ಉಡುಪಿ ಕಡೆ ಕನ್ನಡದ ಜೊತೆ ತುಳು, ಕೊಂಕಣಿ ಬರಹಗಳೂ ಇರುತ್ತವೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದನ್ನು ಡಿಟಿಪಿಯವರು (ಕಂಪ್ಯೂಟರಿನಲ್ಲಿ ಪುಟ ಜೋಡಿಸುವವರು) ಯೂನಿಕೋಡ್ ಅಲ್ಲದ ನುಡಿ ಫಾಂಟ್‌ಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುವುದುಂಟು. ಹಾಗಾಗಿ ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡಿನಲ್ಲಿ ಗುರುತು ಹಾಕಬೇಕು. ಗ್ರೂಪ್ ಫೋಟೋದ ಹೆಸರುಗಳನ್ನು ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಲೇಬೇಕು. ಇನಿಶಿಯಲ್ ತಪ್ಪಿದರೂ ಪೋಷಕರು ಬಿಡುವುದಿಲ್ಲ!

ಲೆಕ್ಕವೂ ಬರುತ್ತದೆ. ನಡುವೆ ಪಿನ್ ಹೊಡೆಯುವ ಪುಸ್ತಕದ ಪುಟಗಳು 4ರಿಂದ ಭಾಗವಾಗಬೇಕು. 50 ಪುಟವಾದರೆ ಎರಡು ಕತ್ತರಿಸಬೇಕು, ಇಲ್ಲವೇ ಎರಡು ಪುಟ ಜಾಹೀರಾತು ತರಬೇಕು. ಅಂಗಡಿ ಮೆಟ್ಟಿಲು ಹತ್ತಿ ಜಾಹೀರಾತು ಕೇಳುವ ಧೈರ್ಯ ತರಗತಿಯಲ್ಲಿ ಸಿಗದು.

ಫೋಟೋ ಕಳಿಸುವ ಕ್ರಮವೂ ತಿಳಿಯುತ್ತದೆ. ಯಕ್ಷಗಾನದ ಫೋಟೋವನ್ನು ವಾಟ್ಸ್ಆ್ಯಪ್‌ನಲ್ಲಿ ಮಾಮೂಲಾಗಿ ಕಳಿಸಿದರೆ ಕುಗ್ಗಿ, ಅಚ್ಚಿನಲ್ಲಿ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಅಚ್ಚಾಗುವ ಅಳತೆಯಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರಲಿ.